ಗುಲಗಂಜಿಗೂ ಸಿಗದ ಚಿನ್ನದ ತೂಕ

ಮುಳಬಾಗಿಲಿನಿಂದ ದಕ್ಷಿಣಕ್ಕಿರುವ ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಸಯನೈಡ್ ದಿಬ್ಬಗಳು ಇನ್ನೂ ಇವೆ. ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. ಆಮ್ಲಗಳಿಗೂ ಸುಲಭವಾಗಿ ಜಗ್ಗದ ಚಿನ್ನ, ಗಾಳಿಯ ಆಮ್ಲಜನಕ ಜೊತೆಗಿದ್ದರೆ ಸಯನೈಡಿಗೆ ಮಣಿಯುತ್ತದೆ. ಎರಡು ಸಯನೈಡ್ ಸೇರಿ ಒಂದು ಚಿನ್ನದ ಪರಮಾಣುವನ್ನು ಕಿತ್ತುಕೊಳ್ಳುತ್ತವೆ. ಚಿನ್ನದ ಪರಮಾಣು ತೂಕ 197, ಎರಡು ಸಯನೈಡಿನದು 52, ಒಟ್ಟು 249. ನ್ಯಾನೋ ಚಿನ್ನಕ್ಕೆ, ಅಂದರೆ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ, ಸಯನೈಡ್ ಬೆರೆಸಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದಾಗ 249ರ ಜಾಗದಲ್ಲಿ ಗೆರೆ ಎದ್ದರೆ, ಕಣ ಕರಗುತ್ತಿದೆ ಎಂದು ತಿಳಿಯಬಹುದು.

ಅಕ್ಕಸಾಲಿಗರು ಗುಲಗಂಜಿಯಿಟ್ಟು ಚಿನ್ನ ತೂಗುತ್ತಿದ್ದರು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಈ ಯಂತ್ರ ತೂಗುವುದು ಅಣುಗಳನ್ನು. ಲೇಸರ್ ಹೊಡೆದೋ ತುಂತುರು ಮಾಡಿಯೋ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ನಿರ್ವಾತದಲ್ಲಿ ಓಡಿಸುತ್ತಾರೆ; ಹಗುರವಾದದ್ದು ಮೊದಲು ಗುರಿ ಮುಟ್ಟುತ್ತದೆ. ದೊಡ್ಡ ಅಣುಗಳನ್ನು ಒಡೆಯದೆ ಹೀಗೆ ಹಾರಿಸುವ ವಿಧಾನಗಳಿಗಾಗಿ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ನಿಸರ್ಗದಲ್ಲಿ ಸಿಗುವ ಚಿನ್ನಕ್ಕೆ ಒಂದೇ ಐಸೋಟೋಪ್ ಇರುವುದರಿಂದ ಲೆಕ್ಕವೂ ಸಲೀಸು.

ಆದರೂ ಲೆಕ್ಕ ತಪ್ಪಿದ್ದುಂಟು. ಗ್ಲುಟಾಥಯೋನ್ ಎಂಬ ಅಣುಗಳನ್ನು ಹೊದ್ದ, ಚಿನ್ನದ ಪರಮಾಣುಗಳ ಒಂದು ಪುಟ್ಟ ಗುಚ್ಛದಲ್ಲಿ 28 ಪರಮಾಣುಗಳಿವೆ ಎಂದು ವಿಜ್ಞಾನಿಗಳು ನಂಬಿದ್ದರು. 2005ರಲ್ಲಿ ಜಪಾನಿನ ತ್ಸುಕುಡಾ ತಂಡ ಮತ್ತೆ ತೂಗಿ, ಇರುವುದು 25 ಎಂದು ತೋರಿಸಿತು. ಮೂರು ಪರಮಾಣುಗಳ ಈ ತಿದ್ದುಪಡಿ ಸಣ್ಣದಲ್ಲ. ಇಷ್ಟು ಚಿಕ್ಕ ಕಣದಲ್ಲಿ ಒಂದು ಪರಮಾಣು ಹೆಚ್ಚುಕಡಿಮೆಯಾದರೂ ಗುಣ ಬದಲಾಗುತ್ತದೆ.

ನಮ್ಮ ಸೀಮೆಗೆ ಹತ್ತಿರದ ಕೆಲಸ ನಡೆದದ್ದು ಚೆನ್ನೈನ ಐಐಟಿಯಲ್ಲಿ. ಅಲ್ಲಿನ ಟಿ. ಪ್ರದೀಪ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದವರು. ಅವರ ತಂಡ ಹಸುವಿನ ಹಾಲಿನ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನಿನೊಳಗೆ ಚಿನ್ನದ ಗುಚ್ಛಗಳನ್ನು ಬೆಳೆಸಿತು. ಆಗಾಗ ಮಾದರಿ ತೆಗೆದು ತೂಗುತ್ತ ಹೋದಂತೆ ಅಚ್ಚರಿಯ ಸಂಗತಿ ಕಂಡಿತು: ಮೊದಲು ಪ್ರೋಟೀನಿಗೆ ಅಂಟಿದ ಚಿನ್ನ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತದೆ, ಕೆಲವು ಪ್ರೋಟೀನುಗಳು ಮತ್ತೆ ಬರಿದಾಗುತ್ತವೆ. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಹಾಲು ಮತ್ತು ಚಿನ್ನ ಎರಡಕ್ಕೂ ಹೆಸರಾದ ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ ಪಾಠವಾಗಬೇಕೆಂದು ನನ್ನ ಆಸೆ. ಚಿನ್ನದ ಲವಣಕ್ಕೆ ಸಿಟ್ರೇಟ್ ಹಾಕಿ ಕುದಿಸಿ ಕೆಂಪು ದ್ರಾವಣ ಮಾಡಲು ಸಾಧಾರಣ ಪ್ರಯೋಗಾಲಯ ಸಾಕು. ಉಪ್ಪು ಬೆರೆಸಿದರೆ ಕಣಗಳು ಒತ್ತಾಗಿ ಸೇರಿ ಬಣ್ಣ ನೀಲಿಗೆ ತಿರುಗುವುದನ್ನು ಮುಳಬಾಗಿಲಿನ ಮಕ್ಕಳು ಅಲ್ಲಿಯೇ ನೋಡಬಹುದು. ಅಣುಗಳನ್ನು ತೂಗುವ ಯಂತ್ರ ನೋಡಲು ಬೆಂಗಳೂರಿಗೆ ಒಂದು ದಿನದ ಪ್ರವಾಸ ಸಾಕು.