ಡಾಕ್ಟರ ಹೆಸರಿನ ಪಕ್ಕದ ಅಕ್ಷರಗಳು

1867ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ದಂತವೈದ್ಯ ಶಾಲೆ ತೆರೆದಾಗ, ಓದಿ ಹೊರಬರುವವರಿಗೆ ಯಾವ ಪದವಿ ಕೊಡುವುದೆಂಬುದೇ ಒಂದು ತೊಡಕಾಯಿತು. ಡಿಡಿಎಸ್ ಎಂಬ ಪದವಿ ಅಮೆರಿಕದಲ್ಲಿ ಬಳಕೆಗೆ ಬಂದು ಅಷ್ಟರಲ್ಲಾಗಲೇ ಕಾಲು ಶತಮಾನ ದಾಟಿತ್ತು. ಹೊರೇಸ್ ಹೇಡನ್ ಮತ್ತು ಚೇಪಿನ್ ಹ್ಯಾರಿಸ್ ಎಂಬಿಬ್ಬರು 1840ರಲ್ಲಿ ಬಾಲ್ಟಿಮೋರಿನಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಕಟ್ಟಿ, ‘ಡಾಕ್ಟರ್ ಆಫ್ ಡೆಂಟಲ್ ಸರ್ಜರಿ’ ಎಂಬ ಪದವಿಯನ್ನು ಹುಟ್ಟುಹಾಕಿದ್ದರು. ಹಾರ್ವರ್ಡಿನ ಪದವಿಗಳೆಲ್ಲ ಲ್ಯಾಟಿನ್ನಿನಲ್ಲಿರಬೇಕೆಂಬುದು ಅಲ್ಲಿನ ರೂಢಿ. ಡಿಡಿಎಸ್ ಅನ್ನು ಲ್ಯಾಟಿನ್ನಿಗೆ ತಂದರೆ ಅಕ್ಷರಗಳ ಕ್ರಮವೇ ತಿರುಗಿ ಕಿವಿಗೆ ಒಗ್ಗದ ಹೆಸರಾಗುತ್ತಿತ್ತು. ಕೊನೆಗೆ ಲ್ಯಾಟಿನ್ ಪಂಡಿತರೊಬ್ಬರನ್ನು ಕೇಳಿ, ಮೊದಲೇ ಇದ್ದ ಎಂ.ಡಿ.ಗೆ ಹಲ್ಲಿನ ಸಂಬಂಧದ ಒಂದು ‘ಡಿ’ ಸೇರಿಸಿ ಡಿಎಂಡಿ ಮಾಡಿದರು. ಪಾಠ ಅದೇ, ಇಕ್ಕಳ ಅದೇ, ಹಲ್ಲೂ ಅದೇ.

ಆ ಎರಡು ಹೆಸರು ಇಂದಿಗೂ ಉಳಿದಿವೆ. ಕೆಲವು ಕಾಲೇಜು ಡಿಡಿಎಸ್ ಕೊಡುತ್ತವೆ, ಕೆಲವು ಡಿಎಂಡಿ. ಪಠ್ಯದ ಮಾನದಂಡ ಒಂದೇ, ಪರೀಕ್ಷೆ ಒಂದೇ, ಲೈಸೆನ್ಸೂ ಒಂದೇ. ನ್ಯೂಜೆರ್ಸಿಯ ಮಗನ ಮನೆಗೆ ಹೋದ ಅಪ್ಪನಿಗೆ ದವಡೆಹಲ್ಲು ನೋವು ಬಂದು, ಫೋನಿನಲ್ಲಿ ಹತ್ತಿರದ ದಂತವೈದ್ಯರ ಪಟ್ಟಿ ತೆರೆದಾಗ ‘ಇವರಿಬ್ಬರಲ್ಲಿ ದೊಡ್ಡ ಡಾಕ್ಟರು ಯಾರಪ್ಪಾ?’ ಎಂಬ ಪ್ರಶ್ನೆ ಬಂದರೆ, ಈ ಅಕ್ಷರಗಳನ್ನು ನೋಡಿ ಉತ್ತರ ಹೇಳಲು ಸಾಧ್ಯವೇ ಇಲ್ಲ. ಡಿಎಂಡಿ ಬಗ್ಗೆ ನಿಜವಾಗಿ ನೆನಪಿಡಬೇಕಾದ ಸಂಗತಿ ಬೇರೆ ಇದೆ. ಹಾರ್ವರ್ಡಿನಲ್ಲಿ 1869ರಲ್ಲಿ ಆ ಪದವಿ ಪಡೆದ ಮೊದಲ ತಂಡದ ಆರು ಜನರಲ್ಲಿ ರಾಬರ್ಟ್ ಟ್ಯಾನರ್ ಫ್ರೀಮನ್ ಒಬ್ಬರು. ಗುಲಾಮಗಿರಿಯಲ್ಲಿದ್ದ ತಂದೆತಾಯಿಯ ಮಗ. ಅಮೆರಿಕದಲ್ಲಿ ದಂತವೈದ್ಯ ಪದವಿ ಪಡೆದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಅವರೇ.

ಅಮೆರಿಕದ ಡಿಡಿಎಸ್‌ಗೂ ನಮಗೂ ಒಂದು ನಂಟಿದೆ. ಪೂರ್ವ ಬಂಗಾಳದಿಂದ ಹೋಗಿ 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಿಡಿಎಸ್ ಮಾಡಿದ ರಫಿಯುದ್ದೀನ್ ಅಹ್ಮದ್, ಕಲ್ಕತ್ತಕ್ಕೆ ಮರಳಿ 1920ರಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಸರ್ಕಾರದ ದುಡ್ಡಿಗೆ ಕಾಯದೆ, ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿಯ ಸಂಪಾದನೆಯಿಂದ ಕಾಲೇಜು ನಡೆಸಿದರು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು, ಮರುವರ್ಷ ದಂತವೈದ್ಯ ಪರಿಷತ್ತು. ಹೀಗೆ ಬಿಡಿಎಸ್ ಎಂಬ ಒಂದೇ ಮೂಲ ಪದವಿ ದೇಶದಲ್ಲಿ ನೆಲೆಗೊಂಡಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರದ್ದು, ಮಣಿಪಾಲದ್ದು 1965ರದ್ದು. ದಂತವೈದ್ಯರ ವಿಷಯದಲ್ಲಿ ನಾವು ಅಮೆರಿಕನ್ನರಿಗಿಂತ ಸುಖಿಗಳು. ಬಿಡಿಎಸ್ ಅಂದರೆ ತರಬೇತಿಯ ವರ್ಷವೂ ಸೇರಿ ಐದು ವರ್ಷ, ಎಂಡಿಎಸ್ ಅಂದರೆ ಅದರ ಮೇಲೆ ಒಂದು ವಿಭಾಗದಲ್ಲಿ ಇನ್ನೂ ಮೂರು. ಹುಳುಕಿಗೆ ಸಿಮೆಂಟ್ ತುಂಬಿಸಲು, ಸಾಧಾರಣ ರೂಟ್ ಕೆನಾಲ್ ಮಾಡಿಸಲು ಒಳ್ಳೆಯ ಬಿಡಿಎಸ್ ಡಾಕ್ಟರು ಧಾರಾಳವಾಗಿ ಸಾಕು. ಮಗಳ ಹಲ್ಲಿಗೆ ಎರಡು ವರ್ಷ ಕ್ಲಿಪ್ ಹಾಕಿಸಬೇಕು, ಇಲ್ಲವೇ ಮೂಳೆಯೊಳಗೆ ಅಡ್ಡ ಬಿದ್ದ ಕಡೆಯ ದವಡೆಹಲ್ಲು ತೆಗೆಸಬೇಕು ಅಂದಾಗ ಎಂಡಿಎಸ್ ಇದೆಯೇ, ಯಾವ ವಿಭಾಗದಲ್ಲಿ ಎಂದು ಕೇಳುವುದು ನ್ಯಾಯ.

ವೈದ್ಯರ ವಿಷಯದಲ್ಲಿ ಮಾತು ಇಷ್ಟು ಸರಳವಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಎಂ.ಡಿ. ಜೊತೆಗೆ ಡಿ.ಒ. ಎಂಬ ಇನ್ನೊಂದು ಪದವಿಯ ಡಾಕ್ಟರರು ಸಿಗುತ್ತಾರೆ. ನಮ್ಮವರು ಅದನ್ನು ಕಂಡು ಹಿಂಜರಿಯುವುದಕ್ಕೆ ಒಂದು ಕಾರಣ, ಇಲ್ಲಿ ಡಿ.ಒ. ಅಂದರೆ ಕಣ್ಣಿನ ಡಾಕ್ಟರ ಡಿಪ್ಲೊಮಾ. ಅಲ್ಲಿಯ ಡಿ.ಒ. ಹುಟ್ಟಿದ್ದು ಒಬ್ಬ ತಂದೆಯ ದುಃಖದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1864ರಲ್ಲಿ ಮಿದುಳು ಜ್ವರಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡರು. ಆ ಕಾಲದ ಔಷಧ ಅಂದರೆ ಪಾದರಸದ ಪುಡಿ, ರಕ್ತ ಹರಿಸುವುದು, ಭೇದಿ ಮಾಡಿಸುವುದು. ತಾವು ಕಲಿತ ವೈದ್ಯದ ಮೇಲೇ ಅವರಿಗೆ ನಂಬಿಕೆ ಹೋಯಿತು. ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನೇ ಗುಣವಾಗುತ್ತದೆಂಬ ಸಿದ್ಧಾಂತ ಕಟ್ಟಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಊರಲ್ಲಿ ಆಸ್ಟಿಯೋಪತಿ ಶಾಲೆ ತೆರೆದರು. ಮೊದಲ ತಂಡದಲ್ಲೇ ಹೆಣ್ಣುಮಕ್ಕಳಿಗೂ ಜಾಗ ಕೊಟ್ಟರು. ಎಂ.ಡಿ. ಕೊಡುವ ಅಧಿಕಾರ ಸಿಕ್ಕಿದ್ದರೂ ಬೇಡವೆಂದು, ಬೇಕೆಂದೇ ಡಿ.ಒ. ಎಂಬ ಹೆಸರಿಟ್ಟರು.

ಸ್ಟಿಲ್ಲರ ಸಿದ್ಧಾಂತ ವಿಜ್ಞಾನದ ಎದುರು ಹಾಗೆಹಾಗೇ ನಿಲ್ಲಲಿಲ್ಲ. ಆದರೆ ಅವರ ಶಾಲೆಗಳು ನಿಂತವು. ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಸೇರಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದವು. ಎಂ.ಡಿ.ಗಳ ಸಂಘಗಳು ದಶಕಗಳ ಕಾಲ ಇವರನ್ನು ಹತ್ತಿರ ಸೇರಿಸಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಚಿತ್ರವೇ ನಡೆಯಿತು. ಎರಡು ಸಂಘಗಳು ಒಂದಾಗಿ, ಡಿ.ಒ. ಕಾಲೇಜು ಎಂ.ಡಿ. ಕಾಲೇಜಾಗಿ, 65 ಡಾಲರ್ ಶುಲ್ಕ ಕಟ್ಟಿದ ಡಿ.ಒ.ಗಳಿಗೆ ಎಂ.ಡಿ. ಪ್ರಮಾಣಪತ್ರ ಸಿಕ್ಕಿತು. ಅದೇ ಡಾಕ್ಟರು, ಅದೇ ವಿದ್ಯೆ, ಅದೇ ರೋಗಿಗಳು; ಬದಲಾದದ್ದು ಬೋರ್ಡು. ಪದವಿಯ ಹೆಸರಿನ ಮೇಲೆ ವೈದ್ಯರನ್ನು ತೂಗುವವರು ಈ 65 ಡಾಲರಿನ ಕಥೆಯನ್ನು ಒಮ್ಮೆ ಯೋಚಿಸಬೇಕು. ವಿಯೆಟ್ನಾಂ ಯುದ್ಧದ ನಡುವೆ 1966ರಲ್ಲಿ ಅಮೆರಿಕದ ಸೇನೆ ಡಿ.ಒ.ಗಳನ್ನೂ ವೈದ್ಯಾಧಿಕಾರಿಗಳಾಗಿ ತೆಗೆದುಕೊಳ್ಳತೊಡಗಿತು. 2020ರ ಹೊತ್ತಿಗೆ ಎರಡೂ ಪದವಿಯವರ ಆಸ್ಪತ್ರೆ ತರಬೇತಿ ಒಂದೇ ಮಾನ್ಯತೆಯಡಿ ಬಂತು. ಆಸ್ಪತ್ರೆ ಸೇರಿದ ಹಿರಿಯರ ಮೂರು ಲಕ್ಷಕ್ಕೂ ಹೆಚ್ಚು ದಾಖಲೆ ಹಿಡಿದು ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ತಿಂಗಳೊಳಗೆ ತೀರಿಕೊಂಡವರ ಪ್ರಮಾಣ ಎಂ.ಡಿ.ಗಳ ಕೈಯಲ್ಲಿ ನೂರಕ್ಕೆ 9.4, ಡಿ.ಒ.ಗಳ ಕೈಯಲ್ಲಿ 9.5. ಹೆಚ್ಚು ಹೇಳಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಅಲ್ಲಿ ಸಿಗುವ ಆಸ್ಟಿಯೋಪತ್ ಕೈಚಿಕಿತ್ಸೆ ಮಾಡುವವರು. ಔಷಧ ಬರೆಯುವ ವೈದ್ಯರಲ್ಲ. ಮೂಲ ಒಂದೇ ಆದರೂ ಕಡಲಿನ ಆಚೆ, ಈಚೆ ಎರಡು ಬೇರೆ ಕಸುಬುಗಳಾಗಿವೆ.

ಇನ್ನು ನಮ್ಮ ಎಂಬಿಬಿಎಸ್. ಒಂದೇ ಪದವಿ ಅಂದುಕೊಂಡು ನಾವು ಹೇಳುವ ಇದರೊಳಗೆ ಎರಡು ಪದವಿಗಳಿವೆ, ಒಂದು ವೈದ್ಯದ್ದು, ಒಂದು ಶಸ್ತ್ರಚಿಕಿತ್ಸೆಯದ್ದು. ಇಂಗ್ಲೆಂಡಿನಲ್ಲಿ ಔಷಧ ಕೊಡುವ ವೈದ್ಯರೇ ಬೇರೆ, ಕೊಯ್ಯುವವರೇ ಬೇರೆ ಆಗಿದ್ದರು. ಕೊಯ್ಯುವವರು 1540ರಿಂದ 1745ರವರೆಗೆ ಕ್ಷೌರಿಕರ ಸಂಘದೊಡನೆ ಒಂದಾಗಿದ್ದವರು. ಎರಡೂ ಬಲ್ಲ ಡಾಕ್ಟರು ಬೇಕೆಂದು ಕಾನೂನು ಬಂದಾಗ, ವಿಶ್ವವಿದ್ಯಾಲಯಗಳು ಎರಡು ಪದವಿಗಳನ್ನು ಜೋಡಿಸಿ ಕೊಟ್ಟವು. ಅದನ್ನೇ ಬ್ರಿಟಿಷರು ಇಲ್ಲಿಗೂ ತಂದರು.

ಆದರೆ ನಮ್ಮ ಹಳ್ಳಿ, ತಾಲ್ಲೂಕುಗಳನ್ನು ಕಾದವರು ಎಂಬಿಬಿಎಸ್‌ಗಳಲ್ಲ. ಹಳಬರ ಬಾಯಲ್ಲಿ ‘ಎಲ್ಲೆಂಪಿ ಡಾಕ್ಟ್ರು’ ಎಂದು ಉಳಿದಿರುವವರು. ಮೆಟ್ರಿಕ್ ಮುಗಿಸಿ ಮೆಡಿಕಲ್ ಸ್ಕೂಲಿನಲ್ಲಿ ನಾಲ್ಕು ವರ್ಷ ಕಲಿತು ಬರುತ್ತಿದ್ದರು. ಮೈಸೂರು ಸೀಮೆಯಲ್ಲಿ, ಮದರಾಸಿಗೆ ಸೇರಿದ್ದ ಕರಾವಳಿಯಲ್ಲಿ ಎಲ್‌ಎಂಪಿ. ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ ಕಡೆ ಎಲ್‌ಸಿಪಿಎಸ್. ಪದವಿ ಕಾಲೇಜು ಕನ್ನಡ ನಾಡಿಗೆ ಬಂದದ್ದೇ ತಡವಾಗಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಬೆಂಗಳೂರಿನಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. ಪ್ಲೇಗು, ಕಾಲರಾ, ಮಲೇರಿಯಾ, ಕಷ್ಟದ ಹೆರಿಗೆ ಎಲ್ಲಕ್ಕೂ ಊರಿನವರು ಎತ್ತಿನ ಗಾಡಿ ಕಟ್ಟಿಕೊಂಡು ಓಡುತ್ತಿದ್ದದ್ದು ಈ ಎಲ್‌ಎಂಪಿಗಳ ಬಳಿಗೆ. 1933ರ ವೈದ್ಯ ಪರಿಷತ್ತಿನ ಕಾಯ್ದೆ ಮಾತ್ರ ಇವರನ್ನು ಹೊರಗಿಟ್ಟಿತು. ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಲೆಕ್ಕದಲ್ಲಿ ದೇಶದ ಸುಮಾರು 47,500 ನೋಂದಾಯಿತ ವೈದ್ಯರಲ್ಲಿ 30,000ದಷ್ಟು ಮಂದಿ ಈ ಬಗೆಯವರೇ. ಆದರೂ ಮುಂದೆ ಒಂದೇ ಬಗೆಯ ಡಾಕ್ಟರು ಸಾಕು ಎಂದು ಸಮಿತಿ ಬರೆಯಿತು, ಮೆಡಿಕಲ್ ಸ್ಕೂಲುಗಳು ಮುಚ್ಚಿದವು, ಇಲ್ಲವೇ ಕಾಲೇಜುಗಳಾದವು. ಗುಣಮಟ್ಟ ಒಂದೇ ಇರಲಿ ಎಂಬ ಆಸೆ ದೊಡ್ಡದು, ಅದನ್ನು ಒಪ್ಪುತ್ತೇನೆ. ಆದರೆ ಪಟ್ಟಣ ಬಿಟ್ಟು ಹಳ್ಳಿಗೆ ಹೋಗುತ್ತಿದ್ದವರ ಸಾಲು ಅಲ್ಲಿಗೆ ಕಡಿಯಿತು. ಆ ತೆರವಿನಲ್ಲಿ ಯಾವ ಪದವಿಯೂ ಇಲ್ಲದ ಸೂಜಿ ಡಾಕ್ಟರರು ಬಂದು ಕುಳಿತರು, ಇನ್ನೂ ಕುಳಿತಿದ್ದಾರೆ.

ಈಗ ಜನರನ್ನು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಎಂ.ಡಿ. ಎಂಬ ಎರಡಕ್ಷರ. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಹಗಲೂ ರಾತ್ರಿ ವಾರ್ಡಿನಲ್ಲಿ ದುಡಿದರೆ ಎಂ.ಡಿ. ಅಮೆರಿಕದಲ್ಲಿ ಅದು ವೈದ್ಯರ ಮೊದಲ ಪದವಿ. ಅಲ್ಲಿನ ತಜ್ಞತೆ ಬರುವುದು ಆಮೇಲಿನ ರೆಸಿಡೆನ್ಸಿಯಿಂದ. ಬ್ರಿಟನ್ನಿನಲ್ಲಿ ಅದು ಸಂಶೋಧನೆಯ ಪದವಿ. ರಷ್ಯಾದಲ್ಲಿ ಓದಿ ಬಂದವರ ಎಂ.ಡಿ. ನಮ್ಮ ಎಂಬಿಬಿಎಸ್‌ಗೆ ಸಮ. 2002ರಿಂದ ಅವರು ಇಲ್ಲಿ ಬಂದು ಪರೀಕ್ಷೆ ಪಾಸಾಗಬೇಕು. ಬಿಎಎಂಎಸ್ ನಂತರ ಆಯುರ್ವೇದದಲ್ಲಿ ಎಂ.ಡಿ. ಇದೆ, ಹೋಮಿಯೋಪತಿಯಲ್ಲೂ ಇದೆ. ಇವು ಯಾವುವೂ ಸುಳ್ಳು ಪದವಿಗಳಲ್ಲ. ಆವರಣದೊಳಗಿನ ‘ಆಯುರ್ವೇದ’ ಎಂಬ ಮಾತನ್ನು ಅಳಿಸಿ ಎಂ.ಡಿ. ಅಷ್ಟನ್ನೇ ದಪ್ಪಕ್ಷರದಲ್ಲಿ ಬರೆಸುವುದು ಸುಳ್ಳು. ಎದೆನೋವು ಎಂದು ರಾತ್ರಿ ಹೋಗುವವನಿಗೆ ಈ ವ್ಯತ್ಯಾಸ ಬದುಕು ಸಾವಿನದ್ದು. ಹಾಗೆ ಬೋರ್ಡು ಬರೆಸುವವರ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಮರೆಮಾಚಲಾರೆ.

ಇದಕ್ಕೆ ತದ್ವಿರುದ್ಧವಾಗಿ, ಬೆಲೆ ಇದ್ದೂ ಬೆಲೆ ಸಿಗದ ಪದವಿಯೊಂದಿದೆ, ಡಿಎನ್‌ಬಿ. ಮೆಡಿಕಲ್ ಕಾಲೇಜುಗಳಲ್ಲಿ ತಜ್ಞರ ಸೀಟು ಸಾಲದಾದಾಗ, 1975ರಲ್ಲಿ ಹುಟ್ಟಿದ ರಾಷ್ಟ್ರೀಯ ಪರೀಕ್ಷಾ ಮಂಡಳಿ ದೊಡ್ಡ ಆಸ್ಪತ್ರೆಗಳಲ್ಲೇ ತರಬೇತಿ ಕೊಡಿಸಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇಟ್ಟಿತು. ಕಾನೂನಿನಲ್ಲಿ ಅದು ಎಂ.ಡಿ., ಎಂ.ಎಸ್.ಗೆ ಸಮ. ತಾನು ಕಲಿತ ಕಾಲೇಜಿನ ಮೇಷ್ಟ್ರೇ ಪರೀಕ್ಷಕರಾಗಿ ಕೂರದ ಆ ಪರೀಕ್ಷೆ ಪಾಸಾಗುವುದು ಸುಲಭವಲ್ಲ. ಆದರೂ ‘ಎಂ.ಡಿ. ಅಲ್ವಂತೆ, ಎಂಥದೋ ಡಿಎನ್‌ಬಿ’ ಎಂದು ಎದ್ದು ಹೋಗುವವರಿದ್ದಾರೆ. ಬರೀ ಎಂಬಿಬಿಎಸ್ ಎಂದು ಮೂಗು ಮುರಿಯುವುದು ಅದಕ್ಕಿಂತ ದೊಡ್ಡ ನಷ್ಟ. ಜ್ವರ, ಸಕ್ಕರೆ ಕಾಯಿಲೆ, ಬಿ.ಪಿ., ಮಗುವಿನ ಕೆಮ್ಮು ಇವಕ್ಕೆ ಮನೆಯವರನ್ನೆಲ್ಲ ಹೆಸರು ಹಿಡಿದು ಬಲ್ಲ ಬೀದಿಯ ಎಂಬಿಬಿಎಸ್ ಡಾಕ್ಟರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಯಾವಾಗ ತಜ್ಞರ ಬಳಿ ಕಳಿಸಬೇಕು ಎಂಬುದೂ ಅವರಿಗೇ ಚೆನ್ನಾಗಿ ಗೊತ್ತು.

ಹಾಗಾದರೆ ರೋಗಿ ನೋಡಬೇಕಾದ್ದು ಏನು? ಕೈಗೆ ಬರುವ ಔಷಧಚೀಟಿಯಲ್ಲೇ ಅರ್ಧ ಉತ್ತರವಿದೆ. 2002ರ ವೈದ್ಯರ ನಡತೆ ನಿಯಮಗಳ ಪ್ರಕಾರ ನೋಂದಣಿ ಸಂಖ್ಯೆ ಕ್ಲಿನಿಕ್ಕಿನಲ್ಲಿ, ಚೀಟಿಯಲ್ಲಿ, ದುಡ್ಡು ಕೊಟ್ಟ ರಸೀದಿಯಲ್ಲಿ ಎಲ್ಲೆಡೆ ಇರಲೇಬೇಕು. ಮಾನ್ಯತೆ ಇರುವ ಪದವಿಗಳನ್ನು, ಇಲ್ಲವೇ ವೃತ್ತಿಜ್ಞಾನ ಕೊಡುವ ಸರ್ಟಿಫಿಕೇಟು, ಡಿಪ್ಲೊಮಾ, ಸದಸ್ಯತ್ವಗಳನ್ನು ಮಾತ್ರ ಹೆಸರಿನ ಜೊತೆ ಬರೆಯಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಸಂಖ್ಯೆ ಚೀಟಿಯ ಮೇಲ್ಭಾಗದಲ್ಲಿ ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಬಹುದು. ವಾರಾಂತ್ಯದ ಕೋರ್ಸಿಗೆ ಸಿಕ್ಕ ಸರ್ಟಿಫಿಕೇಟುಗಳೂ ಈಗ ಹೆಸರಿನ ಪಕ್ಕ ಜಾಗ ಹಿಡಿದಿವೆ. ಸಾಲು ಉದ್ದವಾದಷ್ಟೂ ಅನುಮಾನದಿಂದ ನೋಡುವುದು ಲೇಸು. ಆಪರೇಷನ್ ಅಂದಾಗ, ಇಂಥದ್ದನ್ನು ತಿಂಗಳಿಗೆ ಎಷ್ಟು ಮಾಡುತ್ತೀರಿ ಸಾರ್ ಎಂದು ಕೇಳಿ. ಒಳ್ಳೆಯ ಸರ್ಜನ್ನರು ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಸರ್ಕಾರ ಮಾಡಬಹುದಾದ ಕೆಲಸವೂ ಒಂದಿದೆ, ಖರ್ಚೂ ಹೆಚ್ಚಿಲ್ಲ. ಕ್ಲಿನಿಕ್ಕಿನ ಬೋರ್ಡಿನಲ್ಲಿ ಅಕ್ಷರಗಳ ಜೊತೆಗೆ ಅವುಗಳ ಅರ್ಥವನ್ನೂ ಕನ್ನಡದಲ್ಲಿ ಬಿಡಿಸಿ ಬರೆಯುವುದು ಕಡ್ಡಾಯವಾಗಲಿ. ‘ಆಯುರ್ವೇದ ಪದವೀಧರರು’, ‘ಸಾಮಾನ್ಯ ವೈದ್ಯರು’, ‘ಮಕ್ಕಳ ತಜ್ಞರು’, ‘ದಂತವೈದ್ಯರು, ಕ್ಲಿಪ್ ಚಿಕಿತ್ಸೆಯಲ್ಲಿ ವಿಶೇಷ ಪದವಿ’ ಎಂದು ಕಲಾಯಿ ತಗಡಿನ ಮೇಲೆ ಒಂದು ಸಾಲು ಹೆಚ್ಚು ಬರೆಸಲು ಪೇಂಟರಿಗೆ ಕೊಡಬೇಕಾದ್ದು ಅಷ್ಟಿಷ್ಟೇ.