ಹುಲ್ಲುಗಾವಲಿನ ಕಾವಲು: ದನಗಳನ್ನು ನೋಡಿಬರುವ ಸ್ವಯಂಸೇವಕರು

ಚಳಿಗಾಲ ಬಂತೆಂದರೆ ದೆಹಲಿಯ ಕನ್ನಡಿಗರಾದ ನಮ್ಮಲ್ಲಿ ಹಲವರು ಹಕ್ಕಿಗಳನ್ನು ನೋಡಲು ಭರತಪುರಕ್ಕೆ ಹೋಗುವುದುಂಟು. ಇಂತಹ ರಕ್ಷಿತ ಪ್ರದೇಶದೊಳಗೆ ದನವೋ ಎಮ್ಮೆಯೋ ಕಂಡರೆ ಅದನ್ನು ಅತಿಕ್ರಮಣವೆಂದೇ ನಾವು ಭಾವಿಸುತ್ತೇವೆ. ಆದರೆ ಇಂಗ್ಲೆಂಡಿನ ಅನೇಕ ನಿಸರ್ಗಧಾಮಗಳಲ್ಲಿ ದನಗಳನ್ನು ಬೇಕೆಂದೇ ಮೇಯಲು ಬಿಡುತ್ತಾರೆ. ಅವುಗಳ ಯೋಗಕ್ಷೇಮ ವಿಚಾರಿಸಿ ಬರುವ ಹೊಣೆಯನ್ನು ಅನೇಕ ಕಡೆ ಸುತ್ತಲಿನ ನಾಗರಿಕರೇ ಸ್ವಯಂಸೇವಕರಾಗಿ ಹೊರುತ್ತಾರೆ. ಈ ಪದ್ಧತಿಯ ಹಿನ್ನೆಲೆಯನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಶತಮಾನಗಳ ಕಾಲ ದನಕುರಿಗಳು ಮೇಯ್ದು ರೂಪುಗೊಂಡ ಹುಲ್ಲುಗಾವಲನ್ನು ಹಾಗೆಯೇ ಬಿಟ್ಟರೆ ಒರಟು ಹುಲ್ಲು, ಪೊದೆಗಳು ಎತ್ತರಕ್ಕೆ ಬೆಳೆದು ಸಣ್ಣ ಹೂಗಿಡಗಳನ್ನು ಅಡಗಿಸಿಬಿಡುತ್ತವೆ. ದನವು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು ಮೇಯುವುದರಿಂದ ಹುಲ್ಲು ಒಂದೆಡೆ ಗಿಡ್ಡವಾಗಿ, ಇನ್ನೊಂದೆಡೆ ಎತ್ತರವಾಗಿ ಉಳಿಯುತ್ತದೆ. ಗೊರಸಿನಿಂದ ಕೆದರಿದ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ. ಸಗಣಿಯು ಅನೇಕ ಕೀಟಗಳಿಗೆ ಆಹಾರವಾಗುತ್ತದೆ. ‘ಲಾರ್ಜ್ ಬ್ಲೂ’ ಎಂಬ ನೀಲಿ ಚಿಟ್ಟೆಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಇದರ ಮರಿಹುಳು ಒಂದು ಜಾತಿಯ ಕೆಂಪಿರುವೆಯ ಗೂಡಿನಲ್ಲಿ ಬೆಳೆಯುತ್ತದೆ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚನೆಯ ನೆಲ ಬೇಕು. ಮೇಯಿಸುವುದು ಕಡಿಮೆಯಾಗಿ, 1950ರ ದಶಕದಲ್ಲಿ ರೋಗದಿಂದ ಮೊಲಗಳೂ ಸತ್ತಾಗ ಹುಲ್ಲು ಎತ್ತರವಾಯಿತು, ನೆಲ ತಣ್ಣಗಾಯಿತು. ಇರುವೆ ಕ್ಷೀಣಿಸಿತು; 1979ರಲ್ಲಿ ಚಿಟ್ಟೆಯೂ ಬ್ರಿಟನ್ನಿನಿಂದ ಕಣ್ಮರೆಯಾಯಿತು. ಕಾರಣ ತಿಳಿದ ಮೇಲೆ ಮೇಯಿಸುವುದನ್ನು ಪುನಃ ಆರಂಭಿಸಿ, ಸ್ವೀಡನ್ನಿನಿಂದ ತಂದ ಸಂತತಿಯನ್ನು ಅಲ್ಲಿ ನೆಲೆಗೊಳಿಸಲಾಯಿತು.

ಮೇಯಲು ಬಿಟ್ಟ ಮೇಲೆ ನೋಡಿಕೊಳ್ಳುವವರು ಬೇಕಲ್ಲವೇ? ಆಗ್ನೇಯ ಇಂಗ್ಲೆಂಡಿನ ರಾಮ್ನಿ ಮಾರ್ಷ್ ಎಂಬ ಜೌಗು ಬಯಲಿನಲ್ಲಿ ರೈತರ ಕುರಿಮಂದೆಗಳನ್ನು ಕೂಲಿಗೆ ಕಾಯುತ್ತಿದ್ದವರಿಗೆ ಹಿಂದೆ ‘ಲುಕರ್’, ಅಂದರೆ ನೋಡುವವನು, ಎಂಬ ಹೆಸರಿತ್ತು. ಇಂದಿನ ಸ್ವಯಂಸೇವಕರನ್ನೂ ಕೆಲವೆಡೆ ಹಾಗೆಯೇ ಕರೆಯುತ್ತಾರೆ. ತರಬೇತಿ ಪಡೆದ ಇವರು ಸರದಿಯಂತೆ ಹೋಗಿ ಮೊದಲು ತಲೆ ಎಣಿಸುತ್ತಾರೆ. ಕುಂಟುತ್ತಿರುವ ದನವಿದೆಯೇ, ಕಣ್ಣು ಮೂಗು ಸೋರುತ್ತಿವೆಯೇ, ಸಗಣಿ ನೀರಾಗಿದೆಯೇ, ತೊಟ್ಟಿಯಲ್ಲಿ ನೀರಿದೆಯೇ, ಬೇಲಿ ಭದ್ರವಾಗಿದೆಯೇ ಎಂದು ಪರಿಶೀಲಿಸುತ್ತಾರೆ. ಮಂದೆಯಿಂದ ದೂರ ಒಂಟಿಯಾಗಿ ನಿಂತ ದನದ ಮೇಲೆ ವಿಶೇಷ ಗಮನವಿರುತ್ತದೆ. ಅದು ಅನಾರೋಗ್ಯದ ಸೂಚನೆಯಾಗಿರಬಹುದು. ಚಿಕಿತ್ಸೆ ಇವರ ಕೆಲಸವಲ್ಲ. ದೋಷ ಕಂಡೊಡನೆ ದನದ ಯಜಮಾನನಿಗೆ ದೂರವಾಣಿ ಮೂಲಕ ತಿಳಿಸುವುದೇ ಇವರ ಕರ್ತವ್ಯ. ಹಳ್ಳಕ್ಕೆ ಬಿದ್ದ ದನ ಒಂದು ದಿನ ಯಾರ ಕಣ್ಣಿಗೂ ಬೀಳದಿದ್ದರೆ ಅದರ ಪ್ರಾಣವೇ ಹೋಗಬಹುದು.

ಈಗ ಭರತಪುರಕ್ಕೆ ಮರಳೋಣ. ಅಲ್ಲಿನ ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸಿದಾಗ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ಘರ್ಷಣೆಯಲ್ಲಿ ಪ್ರಾಣಹಾನಿಯೂ ಸಂಭವಿಸಿತು. ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವು, ಎಮ್ಮೆಗಳಿಲ್ಲದ ಕೆರೆಗಳಲ್ಲಿ ಹುಲ್ಲು ದಟ್ಟವಾಗಿ ಹಬ್ಬಿ ನೀರಹಕ್ಕಿಗಳಿಗೇ ತೊಂದರೆಯಾಯಿತೆಂದು ತೋರಿಸಿತು. ಹಾಗೆಂದು ಎಲ್ಲ ಕಾಡುಗಳಿಗೂ ದನ ನುಗ್ಗಿಸಬಹುದೆಂದು ನಾವು ಹೇಳುತ್ತಿಲ್ಲ. 1968ರಲ್ಲಿ ರಿಂಡರ್‌ಪೆಸ್ಟ್ ಎಂಬ ಜಾನುವಾರು ರೋಗ ಬಂಡೀಪುರದ ಸೀಮೆಯಲ್ಲಿ ಕಾಟಿಗಳನ್ನು ಬಲಿತೆಗೆದುಕೊಂಡುದನ್ನು ಮರೆಯಲಾಗದು. ಯಾವ ನೆಲದಲ್ಲಿ, ಎಷ್ಟು ದನ, ಯಾವ ಋತುವಿನಲ್ಲಿ, ಯಾರ ಕಣ್ಗಾವಲಿನಲ್ಲಿ ಎಂಬುದೇ ಪ್ರಶ್ನೆ.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನಿಸಿತು. ಅದರ ಹುಲ್ಲುಗಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆಂದು ವಿಂಗಡಿಸಿ ಮಂದೆಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಆ ಭೂಮಿಗೆ ‘ಕಾವಲು’ ಎಂದೇ ಹೆಸರು. ಮೇಯುವ ನೆಲಕ್ಕೂ ಕಾಯುವ ಕೆಲಸಕ್ಕೂ ಕನ್ನಡದಲ್ಲಿ ಒಂದೇ ಮಾತು. ಮುಂದೆ ಅಭಯಾರಣ್ಯವೊಂದರಲ್ಲಿ ದನ ಕಂಡಾಗ, ಅದನ್ನು ಕಾಯುವವರು ಯಾರೆಂದು ವಿಚಾರಿಸಿ ನೋಡೋಣ.