ಸೋತಾಗ ಆಟ ಏನು ಕಿತ್ಕೊಳ್ಳುತ್ತೆ?

ಹಿಂದಿನ ಸೆಮಿಸ್ಟರ್ ರಜೆಯಿಂದ ಮೊನ್ನೆಯ ಮೊದಲ ಇಂಟರ್ನಲ್ಸ್ ತನಕ ನಮ್ಮ ಹಾಸ್ಟೆಲ್ ರೂಮಿನ ಮೂವರು ಸೇರಿ ಐದು ಗೇಮ್ ಆಡಿದ್ವಿ. ಇರೋದು ಒಂದೇ ಲ್ಯಾಪ್‌ಟಾಪ್, ಅದೂ ಹಳೇದು. ಸೆಟ್ಟಿಂಗ್ಸ್ ಎಲ್ಲಾ ಲೋ ಇಟ್ಟರೂ ಅದರ ಫ್ಯಾನ್ ಸದ್ದು ಪಕ್ಕದ ರೂಮಿಗೆ ಕೇಳುತ್ತೆ. ಹಾಗಾಗಿ ಒಂದು ರೂಲ್ ಮಾಡಿಕೊಂಡಿದ್ವಿ: ಒಬ್ಬ ಆಡೋದು, ಇಬ್ಬರು ಹಿಂದೆ ಕೂತು ಬಿಟ್ಟಿ ಸಲಹೆ ಕೊಡೋದು, ಸತ್ತರೆ ಕೀಬೋರ್ಡ್ ಮುಂದಿನವನಿಗೆ.

ಈ ರೂಲ್ ಎಲ್ಲಾ ಗೇಮಿಗೂ ಒಂದೇ ಥರ ನಡೆಯಲಿಲ್ಲ. ಒಂದರಲ್ಲಿ ಹತ್ತು ಸೆಕೆಂಡಿಗೊಮ್ಮೆ ಕೈ ಬದಲಾಯ್ತು. ಇನ್ನೊಂದರಲ್ಲಿ ಒಬ್ಬನೇ ರಾತ್ರಿಯಿಡೀ ಕೂತ, ಸಾಯಲೇ ಇಲ್ಲ. ಮತ್ತೊಂದರಲ್ಲಿ ಸತ್ತವನು ಕೀಬೋರ್ಡ್ ಬಿಡೋಕೇ ಒಪ್ಪಲಿಲ್ಲ. ಆಗ ಹೊಳೆದಿದ್ದು ಇಷ್ಟು: ಗ್ರಾಫಿಕ್ಸ್, ಕಥೆ, ಮ್ಯೂಸಿಕ್ಕು ಎಲ್ಲಾ ಆಮೇಲೆ. ಸೋತವನಿಂದ ಆಟ ಏನು ಕಿತ್ಕೊಳ್ಳುತ್ತೆ, ಅವನ ಕೈಯಲ್ಲಿ ಏನು ಉಳಿಸುತ್ತೆ ಅನ್ನೋದರಲ್ಲೇ ಅದರ ಗುಣ ಗೊತ್ತಾಗುತ್ತೆ. ಚೌಕಾಬಾರದಲ್ಲಿ ಇನ್ನೇನು ಹಣ್ಣಾಗಬೇಕಿದ್ದ ಕಾಯಿಯನ್ನು ಯಾರೋ ಹೊಡೆದರೆ ಮತ್ತೆ ಮೊದಲ ಮನೆಯಿಂದ ಶುರು ಮಾಡಬೇಕಲ್ಲ, ಆ ಹೊಟ್ಟೆಯುರಿ ಅನುಭವಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಒಂದೇ ಅಳತೆಗೋಲು ಇಟ್ಟುಕೊಂಡು ಐದನ್ನೂ ನೋಡಿದ್ದೀವಿ. ಅಭಿಪ್ರಾಯ ಪೂರ್ತಿ ನಮ್ಮದು, ಜಗಳಕ್ಕೆ ಬರೋರಿಗೆ ಸ್ವಾಗತ.

ಸೆಲೆಸ್ಟ್: ಏನೂ ಕಿತ್ಕೊಳ್ಳಲ್ಲ

2018ರಲ್ಲಿ ಬಂದ ಆಟ. ಮ್ಯಾಡಲಿನ್ ಅನ್ನೋ ಹುಡುಗಿ ಒಂದು ಬೆಟ್ಟ ಹತ್ತಬೇಕು. ನೆಗೆಯೋದು, ಗೋಡೆ ಹಿಡಿಯೋದು, ಗಾಳಿಯಲ್ಲಿ ಒಂದು ಸಲ ನುಗ್ಗೋದು, ಇಷ್ಟೇ ಕೈಚಳಕ. ಎಲ್ಲಾ ಕಡೆ ಮುಳ್ಳು. ತಾಗಿದರೆ ಸತ್ತಳು. ಆದರೆ ಅದೇ ಸ್ಕ್ರೀನಿನ ಶುರುವಿನಲ್ಲಿ ಕಣ್ಣು ಮಿಟುಕಿಸೋದರೊಳಗೆ ಮತ್ತೆ ನಿಂತಿರ್ತಾಳೆ. ದಾಟಿದ ಸ್ಕ್ರೀನ್ ದಾಟಿದ ಹಾಗೇ. ಎಷ್ಟು ಸಲ ಸತ್ತಿರಿ ಅಂತ ಆಟ ಎಣಿಸುತ್ತೆ ನಿಜ, ಆದರೆ ಆ ಲೆಕ್ಕಕ್ಕೆ ನಾಚ್ಕೋಬೇಡಿ, ಹೆಮ್ಮೆಪಡಿ ಅಂತ ಆಟವೇ ಹೇಳುತ್ತೆ.

ಇದರ ಒಳಗಿನ ಎಂಜಿನಿಯರಿಂಗ್ ಇನ್ನೂ ಚೆನ್ನಾಗಿದೆ. ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದಾಗ ಜಂಪ್ ಒತ್ತಿದರೂ ಆಟ ಸುಮಾರು 0.1 ಸೆಕೆಂಡ್ ತನಕ ಮಾಫಿ ಕೊಟ್ಟು ನೆಗೆಸುತ್ತೆ. ಇದಕ್ಕೆ ಕಯೋಟಿ ಟೈಮ್ ಅಂತಾರೆ. ಹಳೇ ಕಾರ್ಟೂನಿನ ಕಯೋಟಿ ಬಂಡೆ ಮುಗಿದ ಮೇಲೂ ಗಾಳಿಯಲ್ಲಿ ನಾಲ್ಕು ಹೆಜ್ಜೆ ಓಡಿ, ಕೆಳಗೆ ನೋಡಿದ ಮೇಲಷ್ಟೇ ಬೀಳುತ್ತಲ್ಲ, ಅದೇ. ಹಾಗೇ ನೆಲ ತಾಗೋ ಸ್ವಲ್ಪ ಮುಂಚೆ ಜಂಪ್ ಒತ್ತಿದರೆ ಆಟ ಅದನ್ನು ನೆನಪಿಟ್ಟುಕೊಂಡು, ನೆಲ ತಾಗಿದ ತಕ್ಷಣ ನೆಗೆಸುತ್ತೆ. ಮುಳ್ಳಿನ ವಿಷಯದಲ್ಲಿ ಎಷ್ಟು ಕಟುವೋ, ಬೆರಳಿನ ತಪ್ಪಿನ ವಿಷಯದಲ್ಲಿ ಅಷ್ಟೇ ಉದಾರಿ. ಮ್ಯಾಡಲಿನ್ ಓಡಾಟದ ಕೋಡನ್ನು ತಯಾರಕರೇ ಎಲ್ಲರೂ ಓದಲಿ ಅಂತ ಹೊರಗೆ ಬಿಟ್ಟಿದ್ದಾರೆ. ಪ್ರೋಗ್ರಾಮಿಂಗ್ ಇಷ್ಟ ಇರೋರು ಒಂದು ಸಲ ಓದಿ.

ಇದರಲ್ಲಿ ಅಸಿಸ್ಟ್ ಮೋಡ್ ಅಂತ ಒಂದಿದೆ. ಆಟದ ವೇಗ ಇಳಿಸಬಹುದು, ಬೇಕಿದ್ದರೆ ಸಾಯದೇ ಇರೋ ಹಾಗೂ ಮಾಡಿಕೊಳ್ಳಬಹುದು. ನಮ್ಮ ರೂಮಿನಲ್ಲಿ ಅತಿ ದೊಡ್ಡ ಜಗಳ ಆಗಿದ್ದು ಇದರ ಮೇಲೆ. 'ಅದನ್ನು ಹಾಕಿ ಗೆದ್ದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣೋ' ಅಂದ ಒಬ್ಬ. ಇನ್ನೊಬ್ಬ ಅಂದಿದ್ದು: 'ಚಿಕ್ಕವರಿದ್ದಾಗ ಲಗೋರಿಯಲ್ಲಿ ನಮ್ಮನ್ನೂ ಲೆಕ್ಕಕ್ಕಿಲ್ಲ ಅಂತಾನೇ ಸೇರಿಸ್ಕೊಂಡಿದ್ದಲ್ವಾ? ಆಟ ಕಲಿತಿದ್ದು ಹಾಗೇ ತಾನೆ?' ಇದಕ್ಕೆ ಮೊದಲಿನವನ ಹತ್ರ ಉತ್ತರ ಇರಲಿಲ್ಲ. ನಮಗೂ ಇಲ್ಲ.

ಹಾಲೋ ನೈಟ್: ದುಡ್ಡು ಮತ್ತು ದಾರಿ

ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರಿ ಅನ್ನೋ ಪುಟ್ಟ ತಂಡ 2017ರಲ್ಲಿ ತಂದ ಆಟ. ನೆಲದಡಿ ಪಾಳುಬಿದ್ದ ಹುಳುಗಳ ರಾಜ್ಯ, ಅಲ್ಲಿ ನಾವೊಂದು ಪುಟಾಣಿ ಹುಳು. ಇಲ್ಲಿ ಸತ್ತರೆ ಕೈಯಲ್ಲಿದ್ದ ದುಡ್ಡೆಲ್ಲಾ ಹೋಗುತ್ತೆ. ಕೊನೆಯ ಸಲ ಕೂತ ಬೆಂಚಿನ ಹತ್ರ ಎದ್ದೇಳ್ತೀವಿ. ಸತ್ತ ಜಾಗದಲ್ಲಿ ನಮ್ಮದೇ ನೆರಳು ತೇಲ್ತಾ ನಿಂತಿರುತ್ತೆ. ಹೋಗಿ ಅದನ್ನು ಹೊಡೆದರೆ ದುಡ್ಡು ವಾಪಸ್. ದಾರಿಯಲ್ಲಿ ಇನ್ನೊಂದು ಸಲ ಸತ್ತರೆ ಪೂರ್ತಿ ಖೋತಾ.

ಕೀಬೋರ್ಡ್ ಬಿಡಲ್ಲ ಅಂತ ಹಠ ಹಿಡಿದಿದ್ದು ಈ ಆಟದಲ್ಲೇ. 'ನನ್ನ ನೆರಳು ಅದು, ನಾನೇ ತರ್ತೀನಿ' ಅಂತ. ಕಳ್ಕೊಂಡಿದ್ದನ್ನು ವಾಪಸ್ ತರೋ ಆತುರದಲ್ಲೇ ಇನ್ನೊಂದು ಸಲ ಸಾಯ್ತೀವಿ, ಅದೇ ಇದರ ಮಜಾ ಮತ್ತು ಹಿಂಸೆ. ಮ್ಯಾಪ್ ಕೂಡ ಪುಕ್ಕಟೆ ಸಿಗಲ್ಲ. ಕಾರ್ನಿಫರ್ ಅನ್ನೋ ನಕ್ಷೆಗಾರ ಎಲ್ಲೋ ಕೂತು ಗುನುಗ್ತಿರ್ತಾನೆ, ಆ ದನಿ ಹಿಡಿದು ಹೋಗಿ ಅವನ ಹತ್ರ ಕೊಳ್ಳಬೇಕು. ಹೊಸದಾಗಿ ಓಡಾಡಿದ ಜಾಗ ಮ್ಯಾಪಿಗೆ ಸೇರೋದು ಬೆಂಚಿನ ಮೇಲೆ ಕೂತಾಗ ಮಾತ್ರ. ಮೊಬೈಲ್ ಮ್ಯಾಪ್ ಇಲ್ಲದೆ ಮೆಸ್‌ಗೂ ಹೋಗದ ನಮಗೆ ಮೊದಲ ಮೂರು ದಿನ ತಲೆ ಕೆಟ್ಟು ಹೋಯ್ತು. ಆಮೇಲೆ ದಾರಿಗಳು ಊರಿನ ಓಣಿಗಳ ಥರ ಬಾಯಿಪಾಠ ಆದವು. ಸೋಲಿನ ಬೆಲೆ ಜಾಸ್ತಿ ಇರೋದರಿಂದಲೇ ಗೆಲುವಿಗೆ ತೂಕ ಇದೆ, ಒಪ್ಪಿದ್ವಿ. ಆದರೆ ಬಾಸ್ ಹತ್ರ ಸತ್ತಾಗೆಲ್ಲಾ ಅದೇ ದಾರಿ ನಡೀಬೇಕಲ್ಲ, ಅಲ್ಲಿ ಕಲಿಯೋದೇನೂ ಇರಲ್ಲ, ಬರೀ ಶಿಕ್ಷೆ. ಒಂದು ಮಾರ್ಕ್ ಕಟ್. ಅಂದ ಹಾಗೆ ಅಲ್ಲೊಂದು ಬ್ಯಾಂಕ್ ಇದೆ, ದುಡ್ಡಿಡೋ ಮುಂಚೆ ಯೋಚಿಸಿ.

ಫ್ಯಾಕ್ಟೋರಿಯೋ: ಬರೀ ನಿದ್ದೆ

ರಾತ್ರಿಯಿಡೀ ಒಬ್ಬನೇ ಕೂತಿದ್ದು ಇದರಲ್ಲಿ. ಪ್ರಾಗ್‌ನ ವೂಬೆ ಸಾಫ್ಟ್‌ವೇರ್ ಮಾಡಿದ್ದು, 1.0 ಬಂದಿದ್ದು 2020ರ ಆಗಸ್ಟ್‌ನಲ್ಲಿ. ಬೇರೊಂದು ಗ್ರಹದಲ್ಲಿ ಬಿದ್ದ ಎಂಜಿನಿಯರ್ ನಾವು. ಅದಿರು ಅಗೆದು, ಕರಗಿಸಿ, ಬೆಲ್ಟ್ ಹಾಕಿ, ಕಡೆಗೆ ರಾಕೆಟ್ ಹಾರಿಸೋ ಮಟ್ಟದ ಫ್ಯಾಕ್ಟರಿ ಕಟ್ಟಬೇಕು.

ನಮ್ಮ ಮೊದಲ ಸೋಲು ಹಸಿರು ಸರ್ಕ್ಯೂಟ್‌ನಲ್ಲಿ. ಒಂದು ಸರ್ಕ್ಯೂಟ್‌ಗೆ 3 ತಾಮ್ರದ ವೈರ್, 1 ಕಬ್ಬಿಣದ ತಗಡು ಬೇಕು. ವೈರ್ ಮಾಡೋ ಮೆಷಿನ್ ಒಂದು ಸುತ್ತಿಗೆ 2 ವೈರ್ ಕೊಡುತ್ತೆ. ಎರಡೂ ಕೆಲಸಕ್ಕೆ ಹಿಡಿಯೋ ಸಮಯ ಒಂದೇ. ನಾವು ಒಂದಕ್ಕೊಂದು ಇಟ್ಟು, ಸರ್ಕ್ಯೂಟ್ ಮೆಷಿನ್ ಯಾಕೆ ಪದೇ ಪದೇ ನಿಲ್ಲುತ್ತೆ ಅಂತ ಒಂದು ಗಂಟೆ ತಲೆ ಕೆರ್ಕೊಂಡ್ವಿ. ಲೆಕ್ಕ ಸುಲಭ: 3 ವೈರ್ ಮೆಷಿನ್ 6 ವೈರ್ ಕೊಡುತ್ತೆ, 2 ಸರ್ಕ್ಯೂಟ್ ಮೆಷಿನ್ 6 ತಿನ್ನುತ್ತೆ. 3ಕ್ಕೆ 2. ಬಾಟಲ್‌ನೆಕ್ ಅನ್ನೋ ಪದವನ್ನು ಕ್ಲಾಸಿನಲ್ಲಿ ಬರ್ಕೊಂಡಿದ್ವಿ, ಅರ್ಥ ಆಗಿದ್ದು ಅವತ್ತು.

ಎರಡನೇ ಸೋಲು ಇನ್ನೂ ದೊಡ್ಡದು. ರಸ್ತೆಗೆ ಜಾಗ ಬಿಡದೆ ಸೈಟ್ ಮಾರಿದ ಲೇಔಟ್ ಥರ, ಬೆಲ್ಟ್ ಮೇಲೆ ಬೆಲ್ಟ್ ಸುತ್ತಿ ಮುಂದೆ ಬೆಳೆಯೋಕೆ ಜಾಗವೇ ಇಲ್ಲದ ಹಾಗೆ ಮಾಡಿಕೊಂಡಿದ್ವಿ. ಮಜಾ ಅಂದ್ರೆ, ಈ ಆಟದಲ್ಲಿ ಕಟ್ಟಿದ್ದನ್ನು ಕಿತ್ತರೆ ಮೆಷಿನ್ ಇದ್ದ ಹಾಗೇ ಕೈಗೆ ವಾಪಸ್ ಬರುತ್ತೆ. ಒಂದು ಪೈಸೆ ನಷ್ಟ ಇಲ್ಲ. ಆದರೂ ಕೀಳೋಕೆ ನಮಗೆ ಮನಸ್ಸೇ ಬರಲಿಲ್ಲ, ಎರಡು ದಿನ ತೇಪೆ ಹಾಕ್ತಾನೇ ಇದ್ವಿ. ಆಟ ಏನೂ ಕಿತ್ಕೊಳ್ಳದಿದ್ದರೂ ನಾವೇ ಬಿಡಲ್ಲ. ಮಿನಿ ಪ್ರಾಜೆಕ್ಟ್ ಕೋಡ್ ಹಿಂಗೇ ಹಾಳಾಗಿದ್ದು ನೆನಪಾಯ್ತು. ಒಂದು ಎಚ್ಚರಿಕೆ: ಈ ಗೇಮ್ ಸೇಲ್‌ಗೆ ಬರೋದೇ ಇಲ್ಲ, ಅದು ಕಂಪನಿಯ ನಿಲುವು. ಡೆಮೋ ಫ್ರೀ ಇದೆ, ಮೊದಲು ಅದನ್ನಾಡಿ. ಇಂಟರ್ನಲ್ಸ್ ವಾರದಲ್ಲಿ ಬೇಡ.

ಪೇಪರ್ಸ್, ಪ್ಲೀಸ್: ಬೇರೆಯವರ ಬದುಕು

ಲೂಕಸ್ ಪೋಪ್ ಅನ್ನೋರು 2013ರಲ್ಲಿ ತಂದ ಆಟ. ಅರ್ಸ್ಟೋಟ್ಸ್‌ಕಾ ಅನ್ನೋ ಕಲ್ಪನೆಯ ದೇಶದ ಗಡಿ ಚೆಕ್‌ಪೋಸ್ಟ್‌ನಲ್ಲಿ ಕೂತು ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತೋ ಗುಮಾಸ್ತ ನಾವು. ತಲೆಗಿಷ್ಟು ಅಂತ ಸಂಬಳ. ಸಂಜೆ ಅದರಲ್ಲೇ ಬಾಡಿಗೆ, ಊಟ, ಚಳಿಗೆ ಹೀಟರ್. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಅಂಕಲ್ ಕಾಯ್ತಿರ್ತಾರೆ. ದಿನಕ್ಕೊಂದು ಹೊಸ ನಿಯಮ ಬರುತ್ತೆ.

ಒಂದಿನ ಒಬ್ಬ ಬರ್ತಾನೆ, ಅವನ ದಾಖಲೆ ಸರಿ ಇದೆ. ಹಿಂದೆ ನನ್ನ ಹೆಂಡತಿ ಇದ್ದಾಳೆ, ನೋಡ್ಕೊಳ್ಳಿ ಅಂತ ಹೇಳಿ ಒಳಗೆ ಹೋಗ್ತಾನೆ. ಅವಳ ಹತ್ರ ಪ್ರವೇಶ ಪತ್ರ ಇಲ್ಲ. ಬಿಟ್ಟರೆ ನಮಗೆ ನೋಟಿಸ್. ದಿನದ ಮೊದಲ ಎರಡು ನೋಟಿಸ್‌ಗೆ ದಂಡ ಇಲ್ಲ, ಮೂರನೇದರಿಂದ ಸಂಬಳ ಕಟ್. ಈ ಲೆಕ್ಕ ಗೊತ್ತಾದ ಮೇಲೆ ನಾವು ಮೂವರೂ ಏನು ಮಾಡಿದ್ವಿ ಗೊತ್ತಾ? 'ಇವತ್ತು ಎರಡು ಕರುಣೆ ಬಾಕಿ ಇದೆ, ಈಗಲೇ ಖರ್ಚು ಮಾಡೋದಾ, ಸಂಜೆ ತನಕ ಕಾಯೋದಾ' ಅಂತ ಚರ್ಚೆ ಮಾಡಿದ್ವಿ. ಹಂಗೆ ಮಾತಾಡಿದ್ದು ಅರಿವಿಗೆ ಬಂದಾಗ ರೂಮು ಸ್ವಲ್ಪ ಹೊತ್ತು ಸುಮ್ಮನಾಯ್ತು. ಯಾವುದೋ ಕೌಂಟರಿನ ಹಿಂದೆ ಕೂತು 'ಒಂದು ಜೆರಾಕ್ಸ್ ಕಮ್ಮಿ ಇದೆ, ನಾಳೆ ಬಾ' ಅನ್ನೋರು ಹುಟ್ಟಿನಿಂದ ಕೆಟ್ಟವರೇನಲ್ಲ ಅನ್ನಿಸಿತು. ಸಿಟ್ಟು ಮಾತ್ರ ಹಾಗೇ ಇದೆ.

ಔಟರ್ ವೈಲ್ಡ್ಸ್: ಎಲ್ಲಾ, ತಲೆಯಲ್ಲಿ ಇರೋದನ್ನು ಬಿಟ್ಟು

2019ರ ಆಟ. ಪುಟ್ಟ ಸೌರಮಂಡಲ, ಮರದ ಹಲಗೆ ಹೊಡೆದಂಥ ಒಂದು ರಾಕೆಟ್. 22 ನಿಮಿಷ ಆದಮೇಲೆ ಸೂರ್ಯ ಸಿಡೀತಾನೆ, ಎಲ್ಲಾ ಬೂದಿ. ಮತ್ತೆ ಬೆಂಕಿ ಪಕ್ಕ ಕಣ್ಣು ಬಿಡ್ತೀವಿ. ಹೊಸ ಆಯುಧ ಇಲ್ಲ, ಲೆವೆಲ್ ಇಲ್ಲ, ದುಡ್ಡಿಲ್ಲ. ಉಳಿಯೋದು ತಿಳಿದುಕೊಂಡಿದ್ದು ಮಾತ್ರ. ಜೋಡಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದಕ್ಕೆ ಸುರೀತಿರುತ್ತೆ. ಹಾಗಾಗಿ ಒಂದರ ಗುಹೆ ಶುರುವಿನಲ್ಲಷ್ಟೇ ತೆರೆದಿರುತ್ತೆ, ಇನ್ನೊಂದರ ಕಟ್ಟಡ ಕೊನೆಗಷ್ಟೇ ಕಾಣುತ್ತೆ. ಇದನ್ನು ಯಾರೂ ಹೇಳ್ಕೊಡಲ್ಲ, ಸತ್ತು ಸತ್ತು ಕಲೀಬೇಕು. ಗೊತ್ತಿದ್ದವನು ಮೊದಲ ದಿನವೇ ಆಟ ಮುಗಿಸಬಹುದು, ಬೀಗ ಇದ್ದಿದ್ದು ನಮ್ಮ ತಲೆಗೆ.

ನಮ್ಮಲ್ಲೊಬ್ಬ ತಡೆಯೋಕಾಗದೆ ಯೂಟ್ಯೂಬ್‌ನಲ್ಲಿ ಕೊನೆ ನೋಡಿಬಿಟ್ಟ. ಅವನಿಗೆ ಆಟ ಅಲ್ಲಿಗೆ ಸತ್ತುಹೋಯ್ತು. ಇನ್ನೊಬ್ಬರ ಲ್ಯಾಬ್ ರೆಕಾರ್ಡ್ ನೋಡಿ ಬರೆದು ವೈವಾಗೆ ನಿಂತಾಗ ಆಗೋದೂ ಇದೇ. ಐದರಲ್ಲಿ ಒಂದನ್ನೇ ಆಡಿ ಅಂದ್ರೆ ಇದನ್ನೇ ಆಡಿ. ಏನೂ ಓದದೆ, ಏನೂ ನೋಡದೆ.

ಲೆಕ್ಕಕ್ಕೆ ಸೇರಿಸದ ಆರನೇದು

ಮೂವರ ಫೋನಿನಲ್ಲೂ ಒಂದು ಗೇಮ್ ಇತ್ತು, ಹೆಸರು ಬೇಡ. ಸೋತರೆ ಅದು ಏನೂ ಕಿತ್ಕೊಳ್ತಿರಲಿಲ್ಲ, ಬದಲಿಗೆ ಸಮಾಧಾನಕ್ಕೆ ಒಂದು ಪೆಟ್ಟಿಗೆ ಕೊಡ್ತಿತ್ತು. ಆದರೆ ಒಂದಿನ ತೆರೆಯದಿದ್ದರೆ ಅಷ್ಟು ದಿನದ ಲಾಗಿನ್ ಸರಣಿ ಸೊನ್ನೆ. ಗಣೇಶ ಹಬ್ಬಕ್ಕೆ ಊರಿಗೆ ಹೋದ ನಮ್ಮವನೊಬ್ಬ ಸಿಗ್ನಲ್‌ಗೋಸ್ಕರ ಪೂಜೆ ಮಧ್ಯೆ ಎದ್ದು ನೀರಿನ ಟ್ಯಾಂಕ್ ಹತ್ರ ಹೋಗಿ ನಿಂತಿದ್ದ. ಆಟ ಆಡೋಕಲ್ಲ, ಆಡಿದೆ ಅಂತ ಹಾಜರಿ ಹಾಕೋಕೆ. ಸೋತಿದ್ದಕ್ಕಲ್ಲ, ಆಡದೇ ಇದ್ದಿದ್ದಕ್ಕೆ ದಂಡ ಹಾಕೋದು ಆಟ ಅಲ್ಲ, ಅದು ಅಟೆಂಡೆನ್ಸು. ಮೂವರೂ ತೆಗೆದು ಹಾಕಿದ್ವಿ. ಎರಡು ದಿನ ಕೈ ಚಡಪಡಿಸಿತು, ಅಷ್ಟೇ.

ಕೊನೆಗೊಂದು ಮಾತು. ಸೆಲೆಸ್ಟ್ ಜಗಳದಲ್ಲಿ 'ಲೆಕ್ಕಕ್ಕಿಲ್ಲ' ಅಂದವನಿಗೆ ಎಂ3 ಎರಡು ಸಲ ಹೋಗಿತ್ತು. ಎರಡನೇ ರಿಸಲ್ಟ್ ದಿನ 'ನಂಗಿದು ಆಗಲ್ಲ, ಬಿಡ್ರೋ' ಅಂದಿದ್ದ. ನಾವು ಹೇಳಿದ ಯಾವ ಸಮಾಧಾನವೂ ಕೆಲಸಕ್ಕೆ ಬರಲಿಲ್ಲ. ಸೆಲೆಸ್ಟ್‌ನ ತುದಿ ಮುಟ್ಟಿದಾಗ ನಮ್ಮ ಮೂವರ ಸಾವಿನ ಲೆಕ್ಕ 2,000 ದಾಟಿತ್ತು, ಅದರಲ್ಲಿ ಅವನ ಪಾಲೇ ಜಾಸ್ತಿ. ಆಮೇಲೆ ಅವನು ಹಳೇ ಪ್ರಶ್ನೆಪತ್ರಿಕೆ ತಗೊಂಡು ಇಡೀ ಯೂನಿಟ್ ಬದಲು ಒಂದೊಂದೇ ಲೆಕ್ಕ ಹಿಡಿದ. ತಪ್ಪಿದರೆ ಆ ಒಂದು ಲೆಕ್ಕದ ಶುರುವಿಗೆ ಮಾತ್ರ ವಾಪಸ್. ಆಟದಿಂದ ಕಲಿತೆ ಅಂತ ಅವನೇನೂ ಹೇಳಲಿಲ್ಲ, ಕೇಳಿದರೆ ಬೈತಾನೆ. ಮೂರನೇ ಸಲ ಬರೆದಿದ್ದಾನೆ, ರಿಸಲ್ಟ್ ಇನ್ನೂ ಬಂದಿಲ್ಲ.

ಅಲ್ಲಿ ತನಕ ಲ್ಯಾಪ್‌ಟಾಪ್ ಆನ್ ಇರುತ್ತೆ. ನೀವು ಈಚೆಗೆ ಆಡಿದ್ದು ಏನು, ಅದು ನಿಮ್ಮಿಂದ ಏನು ಕಿತ್ಕೊಂಡಿತು, ಬಂದು ಹೇಳಿ. ಆಡೋಕೂ ಬರಬಹುದು. ಆದರೆ ರೂಲ್ ರೂಲೇ: ಸತ್ತರೆ ಕೀಬೋರ್ಡ್ ಕೊಡಬೇಕು.